ಮೂವತ್ತಾರರಲ್ಲಿ ಮೊದಲ ಲಸಿಕೆ

ಕಾರ್ಕಳದಿಂದ ಬೆಳ್ಮಣ್, ಶಿರ್ವ, ಕಟಪಾಡಿ ದಾರಿಯಾಗಿ ಉಡುಪಿಗೆ ಹೋಗುವ ಖಾಸಗಿ ಬಸ್ಸೊಂದನ್ನು ಉಮಾನಾಥ ಹನ್ನೆರಡು ವರ್ಷ ಓಡಿಸಿದ್ದ. ಜ್ವರ ಬಂತೆಂದು ಒಂದು ದಿನವೂ ರಜೆ ಹಾಕಿದವನಲ್ಲ. ಹಾಗಾಗಿ ಒಂದು ಮಾರ್ಚ್ ತಿಂಗಳಲ್ಲಿ ಬಸ್ಸು ಹತ್ತಿ ಸೀಟಿನಲ್ಲಿ ಕೂರುವಷ್ಟರಲ್ಲಿ ಏದುಸಿರು ಬರತೊಡಗಿದಾಗ ಸೆಕೆಗೆ ಇರಬೇಕೆಂದು ಸುಮ್ಮನಾದ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದದ್ದನ್ನು ಹೆಂಡತಿ ವಿಜೇತಾಳಿಗೂ ಹೇಳಲಿಲ್ಲ.

ಅವನ ತೋಳಿನ ಮೇಲಿನ ನೀಲಿ ಕಲೆಗಳನ್ನು ಮೊದಲು ಕಂಡವನು ಕಂಡಕ್ಟರ್ ರೋಶನ್. ಶಿರ್ವದ ರೋಶನ್ ಒಂಬತ್ತು ವರ್ಷಗಳಿಂದ ಅದೇ ಬಸ್ಸಿನಲ್ಲಿದ್ದ. ಇಬ್ಬರೂ ಮಧ್ಯಾಹ್ನದ ಊಟವನ್ನು ಒಂದೇ ಟಿಫಿನ್ನಿನಿಂದ ಹಂಚಿಕೊಳ್ಳುವಷ್ಟು ಸಲಿಗೆ.

"ಇದೆಂತ ಮಾರಾಯ, ಯಾರಾದ್ರೂ ಹೊಡೆದದ್ದಾ?"

"ಎಲ್ಲಿಯೋ ತಾಗಿರ್ಬೇಕು."

"ಎರಡೂ ಕೈಗೆ ತಾಗುದಾ? ಕಾಲಿಗೂ ಉಂಟಲ್ಲ. ಟ್ರಿಪ್ ಮುಗಿದ ಮೇಲೆ ನನ್ನೊಟ್ಟಿಗೆ ಬಾ."

ರೋಶನ್ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಶಿರ್ವ ಪೇಟೆಯ ಲ್ಯಾಬಿಗೆ ಕರೆದುಕೊಂಡು ಹೋದ. ರಕ್ತ ಕೊಟ್ಟು ಮನೆ ತಲುಪುವುದರೊಳಗೆ ಲ್ಯಾಬಿನವರೇ ಫೋನ್ ಮಾಡಿದರು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇರಬೇಕಾದಲ್ಲಿ ಒಂಬತ್ತು ಸಾವಿರ ಇತ್ತು. ಕೆಂಪು ಕಣಗಳೂ ಕಡಿಮೆ, ಬಿಳಿ ಕಣಗಳೂ ಕಡಿಮೆ. "ಈಗಲೇ ಮಣಿಪಾಲಕ್ಕೆ ಹೋಗಿ, ಬೈಕಿನಲ್ಲಿ ಬೇಡ" ಎಂದರು.

ಮಣಿಪಾಲದ ಆಸ್ಪತ್ರೆಯಲ್ಲಿ ಅವನನ್ನು ನೋಡಿದವರು ರಕ್ತರೋಗಗಳ ವೈದ್ಯೆ ಡಾಕ್ಟರ್ ಸಂಹಿತಾ. ಉಡುಪಿ ರಥಬೀದಿಯ ಹತ್ತಿರದ ಮನೆಯವರು, ಉಮಾನಾಥನಿಗಿಂತ ಎರಡು ಮೂರು ವರ್ಷ ಚಿಕ್ಕವರೇ ಇರಬಹುದು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿದರು.

"ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ನಿಮ್ಮ ಮಜ್ಜೆ ಹೆಚ್ಚುಕಡಿಮೆ ಖಾಲಿಯಾಗಿದೆ. ಇದು ಕ್ಯಾನ್ಸರ್ ಅಲ್ಲ."

"ಮತ್ತೆ ಖಾಲಿ ಮಾಡಿದ್ದು ಯಾರು ಮೇಡಂ?" ಎಂದು ವಿಜೇತಾ ಕೇಳಿದಳು.

"ಅವರದ್ದೇ ಬಿಳಿ ಕಣಗಳು. ರೋಗಾಣುಗಳ ಗುರುತು ಹಿಡಿದು ಕೊಲ್ಲುವ ಕಣಗಳು ಅಂತ ಉಂಟು. ಒಂದೊಂದು ಕಣವೂ ಹುಟ್ಟುವಾಗಲೇ ಒಂದೊಂದು ಬೇರೆ ಬೇರೆ ಗುರುತಿಗೆ ತಯಾರಾಗಿ ಬರುತ್ತದೆ. ಯಾವ ರೋಗ ಬಂದರೂ ಅದಕ್ಕೆ ಹೊಂದುವ ಒಂದು ಕಣ ಎಲ್ಲಿಯಾದರೂ ಇರಲಿ ಅಂತ. ನಮ್ಮ ದೇಹವನ್ನೇ ಶತ್ರು ಅಂತ ಹಿಡಿಯುವ ಕಣಗಳೂ ಅದರಲ್ಲಿ ಹುಟ್ಟುತ್ತವೆ. ಅವನ್ನು ದೇಹ ಸಾಮಾನ್ಯವಾಗಿ ಮೊದಲೇ ತೆಗೆದುಹಾಕುತ್ತದೆ, ಅಥವಾ ಹಿಡಿತದಲ್ಲಿ ಇಡುತ್ತದೆ. ಇವರಲ್ಲಿ ಕೆಲವು ಹಿಡಿತ ತಪ್ಪಿ ಮಜ್ಜೆಯ ಮೇಲೆಯೇ ಬಿದ್ದಿವೆ."

"ನಾನು ಎಂತ ತಪ್ಪು ಮಾಡಿದ್ದು?" ಎಂದ ಉಮಾನಾಥ.

"ಎಂತದೂ ಮಾಡಲಿಲ್ಲ ನೀವು. ಹಳೆಯ ಕಣಗಳನ್ನು ಮದ್ದಿನಿಂದ ಪೂರ್ತಿ ತೆಗೆದು, ಹೊಂದಿಕೆಯಾಗುವವರ ಮಜ್ಜೆ ಹಾಕಬೇಕು. ಒಡಹುಟ್ಟಿದವರು ಇದ್ದಾರಾ?"

ಇಬ್ಬರಿದ್ದರು. ಮಸ್ಕತ್ತಿನಲ್ಲಿದ್ದ ತಮ್ಮ ವಿಕಾಸ್ ರಜೆ ಹಾಕಿ ಬಂದು ರಕ್ತ ಕೊಟ್ಟ. ಅವನದ್ದು ಅರ್ಧ ಮಾತ್ರ ಹೊಂದಿತು. ಪೂರ್ತಿ ಹೊಂದಿದ್ದು ಅಕ್ಕ ಸುಗಂಧಿಯದ್ದು. ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಸುಗಂಧಿ ಎಂಬತ್ತು ಮಂದಿ ಹೆಂಗಸರನ್ನು ಕಣ್ಣಿನಲ್ಲೇ ಗದರಿಸುವವಳು. ಆದರೆ ಆ ದಿನ ಡಾಕ್ಟರರ ಮುಂದೆ ಸೆರಗಿನ ತುದಿ ಸುತ್ತುತ್ತಾ ಕೇಳಿದಳು:

"ಮೂಳೆಯೊಳಗಿನದ್ದು ತೆಗೆದರೆ ನಾನು ಕುಂಟಿ ಆಗ್ತೇನಾ ಡಾಕ್ಟ್ರೇ?"

"ಇಲ್ಲ. ಒಂದು ವಾರ ಸೊಂಟ ನೋಯುತ್ತದೆ. ತೆಗೆದದ್ದು ಒಂದೆರಡು ತಿಂಗಳಲ್ಲಿ ಮತ್ತೆ ತುಂಬುತ್ತದೆ."

"ಹಾಗಾದ್ರೆ ಬೇಗ ತೆಗೀರಿ. ಇವನ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ."

ಉಮಾನಾಥನನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಇಟ್ಟು ಐದು ದಿನ ಮದ್ದು ಕೊಟ್ಟರು. ಅವನ ಹಳೆಯ ಬಿಳಿ ಕಣಗಳೆಲ್ಲ ಹೋದವು. ಆರನೆಯ ದಿನ ಸುಗಂಧಿಯ ಸೊಂಟದಿಂದ ತೆಗೆದ ಮಜ್ಜೆ ಒಂದು ಚೀಲದಲ್ಲಿ ಬಂತು. ದಪ್ಪ ಕೆಂಪು ರಕ್ತದ ಹಾಗೆಯೇ ಕಾಣುತ್ತಿದ್ದ ಅದು ನಾಲ್ಕು ಗಂಟೆಗಳಲ್ಲಿ ಹನಿಹನಿಯಾಗಿ ಅವನ ಎದೆಗೆ ಹಾಕಿದ್ದ ನಳಿಕೆಯಿಂದ ಒಳಗೆ ಇಳಿಯಿತು. ಅಷ್ಟೇ. ಇಷ್ಟು ದೊಡ್ಡ ವಿಷಯ ಇಷ್ಟು ಸದ್ದಿಲ್ಲದೆ ಆಗುತ್ತದೆಂದು ಅವನು ಎಣಿಸಿರಲಿಲ್ಲ. ಹತ್ತೊಂಬತ್ತು ದಿನ ಬಾಯಿಹುಣ್ಣು, ಜ್ವರ, ವಾಂತಿಗಳಲ್ಲಿ ಕಳೆದವು. ಇಪ್ಪತ್ತನೆಯ ಬೆಳಿಗ್ಗೆ ರಿಪೋರ್ಟು ಹಿಡಿದು ಬಂದ ಡಾಕ್ಟರ್ ಸಂಹಿತಾ ಮಾಸ್ಕಿನೊಳಗೇ ನಗುತ್ತಿದ್ದರು. ಅಕ್ಕನ ಕಣಗಳು ತಮ್ಮನ ಮೂಳೆಯೊಳಗೆ ಬೇರು ಹಿಡಿದಿದ್ದವು.

ಬೆಳ್ಮಣ್ಣಿನ ಮನೆಗೆ ಮರಳಿದ ಮೇಲೆ ಅವನ ಲೋಕ ಮಹಡಿಯ ಮೇಲಿನ ಕೋಣೆಯಷ್ಟೇ ಆಯಿತು. ಕುದಿಸಿದ ನೀರು, ಬಿಸಿ ಬಿಸಿ ಊಟ, ಮಾಸ್ಕು. ನೆಂಟರು ಬರುವ ಹಾಗಿಲ್ಲ. ಎಂಟು ವರ್ಷದ ಮಗಳು ಮೋಕ್ಷಾ ಶಾಲೆಯಿಂದ ಬಂದವಳು ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಬಾಗಿಲ ಬಳಿ ಕುಳಿತು ಮಾತಾಡುತ್ತಿದ್ದಳು. ರೋಶನ್ ದಿನವೂ ಫೋನ್ ಮಾಡುತ್ತಿದ್ದ. ಬಸ್ಸು ಬೆಳ್ಮಣ್ ಸ್ಟಾಪಿನಲ್ಲಿ ನಿಂತಾಗ ಫೋನನ್ನು ಬಾಗಿಲ ಹೊರಗೆ ಚಾಚಿ, "ಕೇಳ್ತದಾ? ನಿನ್ನ ಗಾಡಿ. ಹೊಸ ಡ್ರೈವರ್ ಗೇರ್ ಹಾಕುವ ಚಂದ ನೋಡು" ಎನ್ನುತ್ತಿದ್ದ.

ಮೂರು ತಿಂಗಳಿಗೆ ಅವನ ರಕ್ತದ ಗುಂಪು ಬದಲಾಯಿತು. ಒ ಪಾಸಿಟಿವ್ ಇದ್ದದ್ದು ಅಕ್ಕನ ಹಾಗೆ ಬಿ ಪಾಸಿಟಿವ್ ಆಯಿತು. ಲೈಸೆನ್ಸಿನಲ್ಲಿ ತಿದ್ದಿಸಬೇಕಲ್ಲ ಎಂಬುದೇ ಅವನಿಗೆ ಮೊದಲು ಹೊಳೆದ ಯೋಚನೆ.

ಐದನೆಯ ತಿಂಗಳಲ್ಲಿ ಇನ್ನೊಂದು ನಡೆಯಿತು. ಉಚ್ಚಿಲದಿಂದ ತಾಜಾ ಸಿಗಡಿ ತರಿಸಿ ವಿಜೇತಾ ಚೆನ್ನಾಗಿ ಬೇಯಿಸಿ ಸುಕ್ಕ ಮಾಡಿದ್ದಳು. ಸಿಗಡಿ ಎಂದರೆ ಉಮಾನಾಥನಿಗೆ ಪ್ರಾಣ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ತುಟಿ ತುರಿಸತೊಡಗಿತು. ಕುತ್ತಿಗೆಯಲ್ಲಿ ದದ್ದು ಎದ್ದಿತು, ಕಣ್ಣು ಊದಿತು. ಹೆದರಿದ ವಿಜೇತಾ ರಿಕ್ಷಾ ಕರೆಸಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದಳು. ವಿಷಯ ತಿಳಿದ ಸುಗಂಧಿ ಫೋನ್ ಮಾಡಿದಳು.

"ಉಮಾ, ನನಗೆ ಚಿಕ್ಕಂದಿನಿಂದ ಸಿಗಡಿ ಆಗುದಿಲ್ಲ ಅಲ್ವಾ?"

"ಹೌದು."

"ಅದೂ ಬಂತಾ ನಿನಗೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸುಗಂಧಿ, "ಪಾಪ, ಕೊಡುವಾಗ ಒಳ್ಳೆಯದು ಮಾತ್ರ ಆರಿಸಿ ಕೊಡ್ಲಿಕ್ಕೆ ಆಗುದಿಲ್ಲ ಅಲ್ವಾ" ಎಂದಳು.

ಆರು ತಿಂಗಳು ತುಂಬಿದಾಗ ಡಾಕ್ಟರ್ ಸಂಹಿತಾ ಒಂದು ಹೊಸ ಚೀಟಿ ಬರೆದು ಅವನನ್ನು ಮಕ್ಕಳ ಲಸಿಕೆ ಕೊಠಡಿಗೆ ಕಳುಹಿಸಿದರು. ಜನ ಸೇರುವ ಮೊದಲೇ, ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದರು. ಗೋಡೆಯ ತುಂಬ ಮೊಲ, ಆನೆ, ಚಿಟ್ಟೆಗಳ ಚಿತ್ರ. ಮೊಣಕಾಲಿನಷ್ಟೇ ಎತ್ತರದ ಕುರ್ಚಿಗಳು. ನರ್ಸ್ ಚೀಟಿ ನೋಡಿ, "ಮಗು ಎಲ್ಲಿ?" ಎಂದರು.

"ನಾನೇ ಸಿಸ್ಟರ್."

ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ, ಪೋಲಿಯೊ, ಕಾಮಾಲೆ, ನ್ಯುಮೋನಿಯಾ. ಎರಡು ತಿಂಗಳ ಮಗುವಿಗೆ ಕೊಡುವುದೆಲ್ಲ ಅವನಿಗೂ ಇತ್ತು. ಶಾಲೆಗೆ ರಜೆಯಿದ್ದುದರಿಂದ ಜೊತೆಗೆ ಬಂದಿದ್ದ ಮೋಕ್ಷಾ, "ಆ ಕಡೆ ನೋಡು ಪಪ್ಪ, ಆನೆ ನೋಡು" ಎಂದು ಗಂಭೀರವಾಗಿ ಹೇಳಿದಳು. ನರ್ಸ್ ನಗು ತಡೆದುಕೊಂಡು ಸೂಜಿ ಚುಚ್ಚಿದರು.

ಬಳಿಕ ಉಮಾನಾಥ ಡಾಕ್ಟರರನ್ನು ಕೇಳಿದ: "ನಾನು ಸಣ್ಣದಿರುವಾಗಲೇ ಅಮ್ಮ ಇದೆಲ್ಲ ಕೊಡಿಸಿದ್ದಾರೆ ಮೇಡಂ. ತೋಳಿನಲ್ಲಿ ಗುರುತು ಉಂಟು ನೋಡಿ."

"ಗುರುತು ಚರ್ಮದ ಮೇಲೆ ಉಂಟು. ನೆನಪು ಇದ್ದದ್ದು ಆ ಹಳೆಯ ಬಿಳಿ ಕಣಗಳಲ್ಲಿ. ಒಂದು ರೋಗ ಅಥವಾ ಲಸಿಕೆ ಬಂದಾಗ ಅದರ ಗುರುತು ಹಿಡಿಯುವ ಕಣ ಒಂದಿದ್ದದ್ದು ಸಾವಿರವಾಗಿ, ಲಕ್ಷವಾಗಿ ಹೆಚ್ಚುತ್ತದೆ. ಕೆಲವು ರೋಗಾಣುವಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸುತ್ತವೆ, ಕೆಲವು ರೋಗ ಹೊಕ್ಕ ಕಣಗಳನ್ನೇ ಕೊಲ್ಲುತ್ತವೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ. ಸ್ವಲ್ಪ ಮಾತ್ರ ವರ್ಷಗಟ್ಟಲೆ ಉಳಿಯುತ್ತವೆ. ಅದೇ ರೋಗ ಮತ್ತೆ ಬಂದರೆ ಅವು ಕೂಡಲೇ ಏಳುತ್ತವೆ. ಆ ಉಳಿದವನ್ನೇ ನಾವು ಮದ್ದು ಹಾಕಿ ತೆಗೆದದ್ದು."

"ಅಕ್ಕನಿಗೆ ಸಣ್ಣದಿರುವಾಗ ದಡಾರ ಆಗಿತ್ತು. ಅಕ್ಕನ ಸಿಗಡಿ ಅಲರ್ಜಿ ನನಗೆ ಬಂತು, ದಡಾರದ ನೆನಪು ಬರ್ಲಿಲ್ವಾ?"

ಡಾಕ್ಟರ್ ಸಂಹಿತಾ ಪೆನ್ನು ಕೆಳಗಿಟ್ಟರು. "ಒಳ್ಳೆ ಪ್ರಶ್ನೆ. ಸ್ವಲ್ಪ ಬಂದಿರಬಹುದು, ಬಾರದೆಯೂ ಇರಬಹುದು. ಬಂದದ್ದೂ ಮೆಲ್ಲ ಕರಗಿ ಹೋಗಬಹುದು. ಅದನ್ನು ನಂಬಿ ಕೂರುವ ಹಾಗಿಲ್ಲ. ದಡಾರದ ಲಸಿಕೆಯಲ್ಲಿ ಬಲ ಕುಂದಿಸಿದ, ಆದರೆ ಜೀವಂತ ವೈರಸ್ ಇರುತ್ತದೆ. ಅದನ್ನು ಈಗ ನಿಮಗೆ ಕೊಡಲಿಕ್ಕಾಗುವುದಿಲ್ಲ. ಎರಡು ವರ್ಷ ಆಗಬೇಕು. ಅಲ್ಲಿಯವರೆಗೆ ದಡಾರ ಇದ್ದವರ ಹತ್ತಿರ ಹೋಗಬೇಡಿ."

ಹತ್ತನೆಯ ತಿಂಗಳಲ್ಲಿ, ಒಬ್ಬಿಬ್ಬರು ಆರೋಗ್ಯವಂತರು ಮನೆಗೆ ಬರಬಹುದೆಂದು ಡಾಕ್ಟರ್ ಒಪ್ಪಿದರು. ಮೊದಲು ಬಂದವನು ರೋಶನ್. ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಹೆಂಡತಿ ಜೆನಿಟಾ ಮತ್ತು ಐದು ವರ್ಷದ ಮಗಳು ಜೋನ್ ಜೊತೆ ಬಂದ. ಮಗುವಿನ ಮೂಗು ಸ್ವಲ್ಪ ಸುರಿಯುತ್ತಿತ್ತು, ಕಣ್ಣು ಕೆಂಪಗಿತ್ತು. ವಿಜೇತಾ ಬಾಗಿಲಲ್ಲೇ ನಿಂತಳು.

"ಶೀತ ಉಂಟಾ ಮಗುವಿಗೆ?"

"ಸಣ್ಣದು. ನಿನ್ನೆ ಐಸ್‌ಕ್ಯಾಂಡಿ ತಿಂದದ್ದು" ಎಂದಳು ಜೆನಿಟಾ. "ನಾವು ಹೊರಗೇ ಕೂರ್ತೇವೆ."

ಒಳಗಿನಿಂದ ಉಮಾನಾಥ ಕೂಗಿದ: "ಇಷ್ಟು ದೂರ ಬಂದು ಹೊರಗೆ ಕೂರುದಾ? ಬರ್ಲಿ ವಿಜೇತಾ. ನಾನು ಮಾಸ್ಕ್ ಹಾಕಿಕೊಳ್ತೇನೆ."

ಹತ್ತು ತಿಂಗಳು ನಾಲ್ಕು ಗೋಡೆ ನೋಡಿದವನಿಗೆ ಮನುಷ್ಯರ ಆಸೆ. ಜೋನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟದ ತಟ್ಟೆಯೊಂದನ್ನು ಕೈಗೆ ಕೊಟ್ಟು ಸ್ಟೇರಿಂಗ್ ತಿರುಗಿಸುವುದನ್ನು ಕಲಿಸಿದ. ಬಾಯಲ್ಲಿ ಹಾರ್ನ್ ಮಾಡಲು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಮೋಕ್ಷಾ ಮತ್ತು ಜೋನ್ ಮಧ್ಯಾಹ್ನವಿಡೀ ಒಟ್ಟಿಗೆ ಆಡಿದರು.

ಮಂಗಳವಾರ ಬೆಳಿಗ್ಗೆ ರೋಶನ್‌ನ ಫೋನ್ ಬಂತು. ಅವನ ಧ್ವನಿಯೇ ಬೇರೆಯಾಗಿತ್ತು.

"ಉಮಾ, ಮಗುವಿನ ಮುಖಕ್ಕೆಲ್ಲ ಕೆಂಪು ಎದ್ದಿದೆ. ದಡಾರ ಅಂತ ಹೇಳಿದ್ರು ಡಾಕ್ಟ್ರು."

"ಲಸಿಕೆ ಕೊಡಿಸಿದ್ದೀಯಲ್ಲ?"

"ಒಂಬತ್ತು ತಿಂಗಳಿನದ್ದು ಕೊಡಿಸುವಾಗ ಲಾಕ್‌ಡೌನ್. ಆಮೇಲೆ ದಮ್ಮು ಶುರುವಾಯಿತು ಅವಳಿಗೆ, ಮುಂದೆ ಮುಂದೆ ಹಾಕಿದೆವು. ಮತ್ತೆ ಮರೆತೇ ಹೋಯಿತು ಮಾರಾಯ. ನಿನ್ನನ್ನು ಲ್ಯಾಬಿಗೆ ಎಳೆದುಕೊಂಡು ಹೋದವನು ನಾನೇ, ಈಗ ನಿನ್ನ ಮನೆಗೆ ಇದನ್ನು ತಂದವನೂ ನಾನೇ."

"ಒಳಗೆ ಕರೆದದ್ದು ನಾನು. ನೀನು ಮಗುವನ್ನು ನೋಡು" ಎಂದು ಉಮಾನಾಥ ಫೋನ್ ಇಟ್ಟ. ಕೂಡಲೇ ಮಣಿಪಾಲಕ್ಕೆ ಫೋನ್ ಮಾಡಿದ.

ಡಾಕ್ಟರ್ ಸಂಹಿತಾ ಅದೇ ದಿನ ಬರಲು ಹೇಳಿದರು. ಪರೀಕ್ಷೆಯಲ್ಲಿ ಅವನ ರಕ್ತದಲ್ಲಿ ದಡಾರದ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ ಇತ್ತು. "ಮಗುವಿನ ಹತ್ತಿರ ಇದ್ದು ಆರು ದಿನದೊಳಗೆ ಬಂದಿದ್ದೀರಿ, ಒಳ್ಳೆಯದಾಯಿತು. ನಿಮ್ಮ ದೇಹಕ್ಕೆ ಈಗ ಕಲಿಯಲು ಪುರುಸೊತ್ತಿಲ್ಲ. ಬೇರೆಯವರು ತಯಾರಿಸಿದ ಪ್ರತಿಕಾಯ ಕೊಡುತ್ತೇವೆ."

ಬಣ್ಣವಿಲ್ಲದ ದ್ರವದ ಬಾಟಲಿ ತೂಗುಹಾಕಿದರು.

"ಇದು ಯಾರದ್ದು?"

"ಸಾವಿರಾರು ಜನರು ಕೊಟ್ಟ ರಕ್ತದಿಂದ ತೆಗೆದು ಸೇರಿಸಿದ್ದು. ದಡಾರ ಬಂದು ಹೋದವರು, ಲಸಿಕೆ ತೆಗೆದುಕೊಂಡವರು ಎಲ್ಲ ಅದರಲ್ಲಿ ಇದ್ದಾರೆ. ಒಂದೆರಡು ತಿಂಗಳು ನಿಮ್ಮನ್ನು ಕಾಯುತ್ತದೆ, ಮತ್ತೆ ಖರ್ಚಾಗಿ ಹೋಗುತ್ತದೆ. ನೀವು ಇಪ್ಪತ್ತೆಂಟು ದಿನ ಯಾರೊಟ್ಟಿಗೂ ಸೇರಬಾರದು."

ಉಮಾನಾಥ ಸಂಜೆಯವರೆಗೆ ಆ ಬಾಟಲಿಯನ್ನು ನೋಡುತ್ತಾ ಮಲಗಿದ. ಹನ್ನೆರಡು ವರ್ಷದಲ್ಲಿ ಅವನ ಬಸ್ಸು ಹತ್ತಿ ಇಳಿದವರು ಎಷ್ಟೋ ಮಂದಿ. ಅವರಲ್ಲಿ ಯಾರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಈ ರಕ್ತ ಕೊಟ್ಟವರದ್ದೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ವಿಜೇತಾ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿದಳು. ರೋಶನ್ ಫೋನ್ ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಮೋಕ್ಷಾಳಿಗೆ ಎರಡೂ ಲಸಿಕೆ ಆಗಿತ್ತು. ಜೋನ್‌ಳ ಜೊತೆ ಒಂದೇ ಲೋಟದಲ್ಲಿ ಶರಬತ್ತು ಕುಡಿದವಳು ಏನೂ ಆಗದೆ ಶಾಲೆಗೆ ಹೋಗಿ ಬರುತ್ತಿದ್ದಳು. "ನನಗೆ ಯಾಕೆ ಬರ್ಲಿಲ್ಲ ಅಮ್ಮ?" ಎಂದು ಅವಳು ಕೇಳಿದಾಗ ವಿಜೇತಾ, "ನಿನ್ನ ಮೈಗೆ ಅದರ ಗುರುತು ಗೊತ್ತುಂಟು, ಅದಕ್ಕೆ" ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡಳು.

ಎಂಟನೆಯ ದಿನ ಸುಗಂಧಿ ಕಾರ್ಕಳದಿಂದ ಬಂದಳು. ಅಡುಗೆಮನೆಯಲ್ಲಿ ನಾದಿನಿಯ ಪಕ್ಕ ನಿಂತು ತೆಂಗಿನಕಾಯಿ ತುರಿಯುತ್ತಾ ಹೇಳಿದಳು: "ಆ ಮಗುವಿಗೆ ನ್ಯುಮೋನಿಯಾ ಆಗಿದೆಯಂತೆ. ಉಡುಪಿಯಲ್ಲಿ ಅಡ್ಮಿಟ್."

ವಿಜೇತಾಳ ಕೈಯಲ್ಲಿದ್ದ ಚೂರಿ ನಿಂತಿತು. "ಯಾವಾಗಿನಿಂದ?"

"ನಾಲ್ಕು ದಿನ ಆಯಿತು. ನಿನಗೆ ಹೇಳ್ಲಿಕ್ಕೆ ಅವರಿಗೆ ಧೈರ್ಯ ಇಲ್ಲ."

ವಿಜೇತಾ ಕೈ ಒರೆಸಿಕೊಂಡು ಹಿತ್ತಿಲಿಗೆ ಹೋಗಿ ಜೆನಿಟಾಳಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅಳುವೇ ಮೊದಲು ಬಂತು.

"ನಿಮಗೆ ಹೇಗೆ ಮುಖ ತೋರಿಸುದು ವಿಜೇತಾ..."

"ಮುಖದ ವಿಷಯ ಆಮೇಲೆ. ಮಗು ಹೇಗೆ ಉಂಟು? ಆಕ್ಸಿಜನ್ ಹಾಕಿದ್ದಾರಾ? ಎಂತ ತಿಂತಾಳೆ?"

"ಎಂತದೂ ಬೇಡ ಹೇಳ್ತಾಳೆ. ಬಾಯೆಲ್ಲ ಹುಣ್ಣು."

"ಇವರಿಗೂ ಹಾಗೇ ಆಗಿತ್ತು. ಗಂಜಿ ತೆಳು ಮಾಡಿ, ಪೂರ್ತಿ ತಣಿದ ಮೇಲೆ ಸ್ವಲ್ಪ ಬೆಣ್ಣೆ ಹಾಕಿ ಕೊಡಿ. ನಾನು ಸುಗಂಧಿ ಅಕ್ಕನ ಕೈಲಿ ಕಳಿಸ್ತೇನೆ. ಅಕ್ಕನಿಗೆ ದಡಾರ ಬಂದು ಹೋಗಿದೆ, ಏನೂ ಆಗುದಿಲ್ಲ."

ಆ ಸಂಜೆಯ ಬಸ್ಸಿನಲ್ಲಿ ಸುಗಂಧಿ ಗಂಜಿಯ ತೂಕುಪಾತ್ರೆ ಹಿಡಿದು ಉಡುಪಿಗೆ ಹೋದಳು. ಮತ್ತೆರಡು ದಿನ ಹಾಗೆಯೇ ನಡೆಯಿತು. ಗಂಜಿ ಕಳಿಸಲು ಶುರು ಮಾಡಿದ ಐದನೆಯ ದಿನಕ್ಕೆ ಜೋನ್ ಮನೆಗೆ ಮರಳಿದಳು.

ಹದಿಮೂರನೆಯ ದಿನ ಉಮಾನಾಥನಿಗೆ ಜ್ವರ ಬಂತು. ಮೂಗು ಕಟ್ಟಿತು, ಗಂಟಲು ಕೆರೆಯಿತು. ವಿಜೇತಾ ಟಾರ್ಚ್ ಹಿಡಿದು ಅವನ ಬಾಯೊಳಗೆ, ಕಿವಿಯ ಹಿಂದೆ, ಬೆನ್ನ ಮೇಲೆ ಕೆಂಪು ಹುಡುಕಿದಳು. ಕೂಡಲೇ ಕಾರು ಕರೆಸಿ ಮಣಿಪಾಲಕ್ಕೆ ಹೋದರು. ಆಸ್ಪತ್ರೆಯಲ್ಲಿ ಮೂಗಿನಿಂದ, ಗಂಟಲಿನಿಂದ, ರಕ್ತದಿಂದ ಮಾದರಿ ತೆಗೆದರು. ಮರುದಿನ ಮಧ್ಯಾಹ್ನ ಡಾಕ್ಟರ್ ಸಂಹಿತಾ ಬಾಗಿಲಲ್ಲಿ ನಿಂತಾಗ ವಿಜೇತಾ ಎದ್ದು ನಿಂತಳು.

"ದಡಾರ ಅಲ್ಲ. ಸಾಮಾನ್ಯ ಶೀತದ ವೈರಸ್."

"ಶೀತವಾ?" ಎಂದ ಉಮಾನಾಥ.

"ಶೀತ. ಇನ್ನೊಂದು ವಿಷಯ. ನಿಮ್ಮ ಬಿಳಿ ಕಣಗಳ ಎಣಿಕೆ ಏರುತ್ತಿದೆ. ಹೊಸ ಕಣಗಳು ಶೀತದ ಗುರುತು ಹಿಡಿದು ಹೆಚ್ಚುತ್ತಿರಬೇಕು. ಎರಡು ದಿನ ಇಲ್ಲೇ ಇದ್ದು ನೋಡುವ. ವಿಶೇಷ ಮದ್ದೇನೂ ಬೇಡ ಅಂತ ಕಾಣುತ್ತದೆ."

ಬೇಕಾಗಲಿಲ್ಲ. ಮೂರನೆಯ ದಿನ ಜ್ವರ ತಾನಾಗಿ ಇಳಿಯಿತು. ಕಟ್ಟಿದ ಮೂಗು ಬಿಟ್ಟಾಗ, ಪಕ್ಕದ ಕೋಣೆಯಲ್ಲಿ ಯಾರೋ ಸುಲಿದ ಕಿತ್ತಳೆಯ ವಾಸನೆ ಉಮಾನಾಥನಿಗೆ ಬಂತು. ಅವನು ವಿಜೇತಾಳನ್ನು ಕರೆದು ಅದನ್ನು ಹೇಳಿದ. ಅವಳು ಮಂಚದ ಅಂಚಿನಲ್ಲಿ ಕುಳಿತು, ಎಷ್ಟೋ ದಿನಗಳ ನಂತರ ಬಿಕ್ಕಿ ಬಿಕ್ಕಿ ಅತ್ತಳು.

"ಬರೀ ಶೀತ ಮಾರಾಯ್ತಿ" ಎಂದು ಅವನು ಅವಳ ಕೈ ಹಿಡಿದುಕೊಂಡ. "ಶೀತ ಆಗಿ ಗುಣ ಆಯಿತು ಅಷ್ಟೇ."

"ಅದಕ್ಕೇ ಅಳುದು" ಎಂದಳು ಅವಳು.

ಇಪ್ಪತ್ತೆಂಟು ದಿನ ಕಳೆದವು. ದಡಾರ ಬರಲಿಲ್ಲ. ಮೂವತ್ತನೆಯ ದಿನ ರೋಶನ್ ಒಬ್ಬನೇ ಬಂದು ಗೇಟಿನ ಹೊರಗೆ ನಿಂತ. ಬಾಗಿಲು ತೆರೆದವಳು ವಿಜೇತಾ. ರೋಶನ್ ಕಿಸೆಯಿಂದ ಮಡಚಿದ ಲಸಿಕೆ ಕಾರ್ಡ್ ತೆಗೆದು ಚಾಚಿದ. ಜೋನ್‌ಳಿಗೆ ತಪ್ಪಿಹೋಗಿದ್ದ ಲಸಿಕೆಗಳನ್ನು ಡಾಕ್ಟರರನ್ನು ಕೇಳಿ ಶುರು ಮಾಡಿಸಿದ್ದ. ಮೊದಲ ಸಾಲಿನಲ್ಲಿ ತಾರೀಕು ಬಿದ್ದಿತ್ತು. ವಿಜೇತಾ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಮುಂದಿನದ್ದು ಇಪ್ಪತ್ತಮೂರಕ್ಕೆ" ಎಂದಳು.

"ಹೌದು."

"ಇಪ್ಪತ್ತನಾಲ್ಕಕ್ಕೆ ನಾನು ಜೆನಿಟಾಳಿಗೆ ಫೋನ್ ಮಾಡಿ ಕೇಳ್ತೇನೆ. ಆಗ ನೆಪ ಹೇಳುವ ಹಾಗಿಲ್ಲ." ಕಾರ್ಡ್ ಮಡಚಿ ಹಿಂದೆ ಕೊಟ್ಟಳು. "ಬನ್ನಿ. ಕೈ ತೊಳೆದು ಒಳಗೆ ಬನ್ನಿ. ಅವರು ಮೇಲೆ ಕಾಯ್ತಾ ಇದ್ದಾರೆ."

ಮಜ್ಜೆ ಹಾಕಿ ಎರಡು ವರ್ಷ ಕಳೆದ ಮೇಲೆ, ಮದ್ದುಗಳೆಲ್ಲ ನಿಂತ ಮೇಲೆ, ಉಮಾನಾಥನಿಗೆ ದಡಾರದ ಲಸಿಕೆ ಸಿಕ್ಕಿತು. ಒಂಬತ್ತು ದಿನ ಕಳೆದು ಮೈ ಸ್ವಲ್ಪ ಬೆಚ್ಚಗಾಯಿತು, ಎದೆಯ ಮೇಲೆ ಏಳೆಂಟು ಕೆಂಪು ಚುಕ್ಕೆ ಮೂಡಿ ಎರಡು ದಿನಕ್ಕೆ ಮಾಯವಾದವು. ಎರಡನೆಯ ಡೋಸೂ ಆಗಿ ಆರು ವಾರಕ್ಕೆ ರಕ್ತ ಪರೀಕ್ಷೆ. ಡಾಕ್ಟರ್ ಸಂಹಿತಾ ರಿಪೋರ್ಟಿನ ಒಂದು ಸಾಲಿಗೆ ಬೆರಳಿಟ್ಟು ತೋರಿಸಿದರು.

"ಇದು ಬಾಟಲಿಯಲ್ಲಿ ಬಂದದ್ದಲ್ಲ, ಅಕ್ಕನ ನೆನಪೂ ಅಲ್ಲ. ನಿಮ್ಮ ಮೈ ಕಲಿತದ್ದು. ಮುಂದಿನ ತಿಂಗಳಿನಿಂದ ಬಸ್ಸು ಓಡಿಸಿ."

ಮನೆಗೆ ಮರಳಲು ಉಮಾನಾಥ ಉಡುಪಿ ಬಸ್‌ಸ್ಟ್ಯಾಂಡಿಗೆ ಬಂದಾಗ ಶಾಲೆ ಕಾಲೇಜು ಬಿಡುವ ಹೊತ್ತು. ಬೆಳ್ಮಣ್ ಕಡೆಯ ಬಸ್ಸು ತುಂಬಿ ಬಾಗಿಲವರೆಗೂ ಜನ. ಹಿಂದಿನ ಎರಡು ವರ್ಷ ಬಾಡಿಗೆ ಕಾರಿನಲ್ಲಿ ಕಿಟಕಿ ಮುಚ್ಚಿಕೊಂಡು ಓಡಾಡಿದವನು ಒಂದು ಕ್ಷಣ ಫುಟ್‌ಪಾತಿನಲ್ಲಿ ನಿಂತ. ಆಮೇಲೆ ಹತ್ತಿದ. ಮಧ್ಯದಲ್ಲಿ ಯಾರೋ ಇಳಿದು ಸೀಟು ಸಿಕ್ಕಿತು. ಕಟಪಾಡಿಯಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಮಗು, ಭುಜದಲ್ಲಿ ಚೀಲ ಹಿಡಿದು ಹತ್ತಿದಳು. ಅವಳು ಕಂಬ ಹಿಡಿಯಲು ಕೈ ಸಾಲದೆ ಅತ್ತ ಇತ್ತ ನೋಡಿದಾಗ ಅವನು ಎದ್ದು ಸೀಟು ಬಿಡಲು ಹೊರಟ.

"ನೀವು ಕೂತ್ಕೊಳ್ಳಿ ಅಣ್ಣ, ನಾನು ಮುಂದಿನ ಸ್ಟಾಪಿನಲ್ಲಿ ಇಳಿಯುದು. ಇವಳನ್ನು ಸ್ವಲ್ಪ ಹಿಡಿದುಕೊಳ್ಳಿ" ಎಂದು ಅವಳು ಮಗುವನ್ನು ಅವನ ತೊಡೆಯ ಮೇಲೆ ಇಟ್ಟಳು.

ಮಗು ಅವನ ಶರ್ಟಿನ ಗುಂಡಿ ಹಿಡಿದು ಎಳೆಯಿತು, ಮುಖ ನೋಡಿತು, ಮತ್ತೆ ಜೋರಾಗಿ ಸೀನಿತು. ಉಮಾನಾಥ ಕಿಸೆಯಿಂದ ಕರ್ಚೀಫು ತೆಗೆದು ಅದರ ಮೂಗು ಒರೆಸಿ, ಕಿಟಕಿಯ ಹೊರಗೆ ಓಡುತ್ತಿದ್ದ ಗದ್ದೆಗಳನ್ನು ತೋರಿಸಿದ.